ಹೋಗುತ್ತಿದ್ದೆವು, ಬರುತ್ತಿದ್ದೆವು: ಫ್ರೆಂಚ್ ಪಾಠಕ್ಕೊಂದು ಕನ್ನಡದ ಕೀಲಿಕೈ

ಆಸ್ಟ್ರೇಲಿಯಾದ ಕನ್ನಡ ಮನೆಗಳಲ್ಲಿ ಮಗು ಏಳನೇ ತರಗತಿಗೆ ಕಾಲಿಟ್ಟ ಕೂಡಲೇ ಒಂದು ಹೊಸ ಅತಿಥಿಯ ಆಗಮನವಾಗುತ್ತದೆ. ಆ ಅತಿಥಿಯ ಹೆಸರು ‘ಎರಡನೇ ಭಾಷೆ’. ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಏಳರಿಂದ ಹತ್ತನೇ ತರಗತಿಯೊಳಗೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಇಂಗ್ಲಿಷ್ ಅಲ್ಲದ ಒಂದು ಭಾಷೆಯನ್ನು 100 ಗಂಟೆಗಳ ಕಾಲ ಕಲಿಯಲೇಬೇಕೆಂಬ ನಿಯಮವಿದೆ. ಪಕ್ಕದ ವಿಕ್ಟೋರಿಯಾದ ಶಾಲೆಗಳಲ್ಲೂ ಭಾಷಾ ಕಲಿಕೆಗೆ ಒಳ್ಳೆಯ ಸ್ಥಾನವಿದೆ. ಹೀಗಾಗಿ ಸಿಡ್ನಿಯ ವೆಸ್ಟ್‌ಮೀಡ್, ಟೂಂಗ್ಯಾಬಿಗಳಲ್ಲಿ, ಮೆಲ್ಬರ್ನಿನ ಗ್ಲೆನ್ ವೇವರ್ಲಿ, ಪಾಯಿಂಟ್ ಕುಕ್‌ಗಳಲ್ಲಿ ನಮ್ಮ ಊಟದ ಮೇಜಿನ ಒಂದು ತುದಿಯಲ್ಲಿ ಕನ್ನಡ ಶಾಲೆಯ ಕಾಗುಣಿತದ ಪುಸ್ತಕ, ಇನ್ನೊಂದು ತುದಿಯಲ್ಲಿ ಫ್ರೆಂಚ್ ಕ್ರಿಯಾಪದಗಳ ಪಟ್ಟಿ ಇರುವುದು ಸಾಮಾನ್ಯ ದೃಶ್ಯವಾಗಿದೆ.

ಈ ಎರಡು ಪುಸ್ತಕಗಳು ಒಂದಕ್ಕೊಂದು ಪೈಪೋಟಿ ಎಂದು ಎಷ್ಟೋ ತಂದೆತಾಯಂದಿರ ಭಾವನೆ. “ಹೈಸ್ಕೂಲಿನಲ್ಲಿ ಫ್ರೆಂಚ್ ಇದೆ, ಟ್ಯೂಷನ್ ಇದೆ, ಈಜು ಇದೆ. ಕನ್ನಡ ಕ್ಲಾಸು ಈ ವರ್ಷ ಬಿಡಿಸೋಣ ಅಂತಿದೀವಿ” ಎಂಬ ಮಾತನ್ನು ವಾರಾಂತ್ಯದಲ್ಲಿ ಕನ್ನಡ ಕಲಿಸುವ ನಾನು ಪ್ರತಿ ಫೆಬ್ರವರಿಯಲ್ಲೂ ಕೇಳುತ್ತೇನೆ. ಫ್ರೆಂಚಿಗೆ ಅಂಕವಿದೆ, ಕನ್ನಡಕ್ಕೆ ಪ್ರೀತಿಯೊಂದೇ! ಅಂಕ ಮತ್ತು ಪ್ರೀತಿಯ ಪಂದ್ಯದಲ್ಲಿ ಯಾವುದು ಗೆಲ್ಲುತ್ತದೆಂದು ಬೇರೆ ಹೇಳಬೇಕಿಲ್ಲ.

ಮದುವೆಗೆ ಮುಂಚೆ ಬೆಂಗಳೂರಿನ ಆಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಕೆಲವು ವರ್ಷ ಫ್ರೆಂಚ್ ಕಲಿತವಳಾದ್ದರಿಂದ ಈ ಲೇಖನದಲ್ಲಿ ಒಂದು ಸಣ್ಣ ವಾದ ಮಂಡಿಸುವ ಧೈರ್ಯ ಮಾಡುತ್ತಿದ್ದೇನೆ. ಫ್ರೆಂಚ್ ಕಲಿಯುವ ಮಕ್ಕಳಿಗೆ ಬಹಳ ತಲೆನೋವು ಕೊಡುವ ಒಂದು ಪಾಠವಿದೆ. ಆ ಪಾಠದ ಕೀಲಿಕೈ ಕನ್ನಡದ ಮಗುವಿನ ಜೇಬಿನಲ್ಲೇ ಇದೆ. ಕನ್ನಡ ಬಿಡಿಸಿದರೆ ಆ ಕೀಲಿಕೈಯನ್ನೂ ಕಸಿದುಕೊಂಡಂತೆ.

ಏನಿದು ‘ಆಂಪಾರ್ಫೆ’?

ಫ್ರೆಂಚಿನಲ್ಲಿ ದಿನಬಳಕೆಯ ಭೂತಕಾಲಗಳು ಮುಖ್ಯವಾಗಿ ಎರಡು. ಒಂದು ‘ಪಾಸೆ ಕೊಂಪೋಸೆ’. ಇದು ಆಗಿ ಮುಗಿದ ಘಟನೆಗೆ. ಇನ್ನೊಂದು ‘ಆಂಪಾರ್ಫೆ’, ಅಂದರೆ ಅಪೂರ್ಣ ಭೂತಕಾಲ. ಅಪೂರ್ಣವೆಂದರೆ ಕೊರತೆಯಿರುವುದು ಎಂದಲ್ಲ. ಇನ್ನೂ ಮುಗಿಯದ್ದು ಎಂದರ್ಥ. ಹಿಂದೆ ನಡೆಯುತ್ತಿದ್ದ ಕೆಲಸವನ್ನು ಅದರ ಮೊದಲೂ ಕೊನೆಯೂ ಕಾಣದಂತೆ ಒಳಗೆ ನಿಂತು ನೋಡಿದರೆ ಆಂಪಾರ್ಫೆ. ಹೊರಗೆ ನಿಂತು ಇಡಿಯಾಗಿ ನೋಡಿದರೆ ಪಾಸೆ ಕೊಂಪೋಸೆ.

ಇಂಗ್ಲಿಷಿನಲ್ಲೇ ಯೋಚಿಸುವ ಮಗುವಿಗೆ ಇದು ಕಷ್ಟ. ‘ಚಿಕ್ಕವರಿದ್ದಾಗ ಪ್ರತಿ ಬೇಸಿಗೆಗೂ ಅಜ್ಜಿಯ ಊರಿಗೆ ಹೋಗುತ್ತಿದ್ದೆವು’ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ‘ವಿ ವೆಂಟ್’ ಎಂದರೆ ಸಾಕು. ‘ನಿನ್ನೆ ಹೋದೆವು’ ಎನ್ನುವುದಕ್ಕೂ ಅದೇ ‘ವಿ ವೆಂಟ್’. ಹೀಗೆ ಎರಡಕ್ಕೂ ಒಂದೇ ರೂಪ ಸಾಕಾದ ಮೇಲೆ, ಫ್ರೆಂಚಿನಲ್ಲಿ ಯಾವುದಕ್ಕೆ ಯಾವುದೆಂದು ಆ ಮಗುವಿಗೆ ತಿಳಿಯುವುದಾದರೂ ಹೇಗೆ? ನೂರಕ್ಕೆ ನೂರು ಸಲ ಪಾಸೆ ಕೊಂಪೋಸೆಯಲ್ಲೇ ಬರೆದುಬಿಡುತ್ತದೆ. ಟೀಚರ್ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಾರೆ.

ಈಗ ನಮ್ಮ ಕನ್ನಡವನ್ನು ನೋಡಿ. ‘ನಿನ್ನೆ ಹೋದೆವು’, ‘ಪ್ರತಿ ಬೇಸಿಗೆಗೂ ಹೋಗುತ್ತಿದ್ದೆವು’. ಇವೆರಡನ್ನು ಅದಲುಬದಲು ಮಾಡಿ ‘ಪ್ರತಿ ಬೇಸಿಗೆಗೂ ಹೋದೆವು’ ಎಂದರೆ ಕನ್ನಡದ ಕಿವಿಗೆ ಏನೋ ಕಸಿವಿಸಿ. ಯಾವ ವ್ಯಾಕರಣ ಪುಸ್ತಕವನ್ನೂ ಓದದ ಐದು ವರ್ಷದ ಮಗುವೂ ಇದನ್ನು ತಪ್ಪದೆ ಹೇಳುತ್ತದೆ. ‘ನೂ ಜ಼ಾಲಿಯೋಂ’ ಎಂದರೆ ‘ಹೋಗುತ್ತಿದ್ದೆವು’, ‘ನೂ ಸೊಮ್ ಜ಼ಾಲೇ’ ಎಂದರೆ ‘ಹೋದೆವು’. ಲೆಕ್ಕ ಇಷ್ಟೇ!

ಇನ್ನೂ ಒಂದು ಸ್ವಾರಸ್ಯವಿದೆ. ಹಿಂದಿಯಲ್ಲಿ ‘ಜಾತಾ ಥಾ’ ಎಂದರೆ ರೂಢಿ, ‘ಜಾ ರಹಾ ಥಾ’ ಎಂದರೆ ಆ ಹೊತ್ತಿನಲ್ಲಿ ನಡೆಯುತ್ತಿದ್ದ ಕ್ರಿಯೆ; ಎರಡಕ್ಕೂ ಬೇರೆ ಬೇರೆ ರೂಪ. ಕನ್ನಡದಲ್ಲಿ ಹಾಗಿಲ್ಲ. ‘ಆಗ ದಿನಾಲೂ ನಡೆದೇ ಹೋಗುತ್ತಿದ್ದೆ’ ಎಂಬಲ್ಲೂ, ‘ನೀನು ಕರೆದಾಗ ಅಂಗಡಿಗೆ ಹೋಗುತ್ತಿದ್ದೆ’ ಎಂಬಲ್ಲೂ ಅದೇ ‘ಹೋಗುತ್ತಿದ್ದೆ’. ಫ್ರೆಂಚಿನ ‘ಝಾಲೆ’ ಕೂಡ ಹಾಗೆಯೇ ಎರಡೂ ಕೆಲಸ ಮಾಡುತ್ತದೆ. ಈ ಒಂದು ವಿಷಯದಲ್ಲಿ ತಿಪಟೂರಿಗೂ ಪ್ಯಾರಿಸ್ಸಿಗೂ ಇರುವ ದೂರ ದೆಹಲಿಗಿಂತ ಕಡಿಮೆ ಎನ್ನಬಹುದು.

ರೂಪ ಮಾಡುವ ಬಗೆ

(ಇಲ್ಲಿ ‘ಝ’ ಎಂದು ಬರೆದಿರುವುದನ್ನು ‘ಪ್ಲೆಷರ್’ ಎಂಬ ಇಂಗ್ಲಿಷ್ ಪದದ ನಡುವಿನ ಸದ್ದಿನಂತೆ ಓದಿಕೊಳ್ಳಿ.)

ಆಂಪಾರ್ಫೆ ಮಾಡುವುದು ಫ್ರೆಂಚಿನ ಅತಿ ಸುಲಭದ ಲೆಕ್ಕಗಳಲ್ಲೊಂದು. ವರ್ತಮಾನ ಕಾಲದಲ್ಲಿ ‘ನೂ’, ಅಂದರೆ ‘ನಾವು’ ಎಂಬುದರ ರೂಪ ತೆಗೆದುಕೊಳ್ಳಿ. ಉದಾಹರಣೆಗೆ ‘ನೂ ಪಾರ್ಲೋಂ’, ನಾವು ಮಾತಾಡುತ್ತೇವೆ. ಕೊನೆಯ ‘ಓಂ’ ಸದ್ದನ್ನು, ಬರವಣಿಗೆಯಲ್ಲಿ ಒ-ಎನ್-ಎಸ್ ಎಂಬ ಮೂರು ಅಕ್ಷರಗಳನ್ನು, ಕಿತ್ತುಹಾಕಿ. ಉಳಿದ ‘ಪಾರ್ಲ್’ ಎಂಬ ಬುಡಕ್ಕೆ ಹೊಸ ಬಾಲಗಳನ್ನು ಅಂಟಿಸಿ.

ನಾನು ಮಾತಾಡುತ್ತಿದ್ದೆ: ಝ ಪಾರ್ಲೆ
ನೀನು ಮಾತಾಡುತ್ತಿದ್ದೆ: ತ್ಯು ಪಾರ್ಲೆ
ಅವನು ಮಾತಾಡುತ್ತಿದ್ದ: ಇಲ್ ಪಾರ್ಲೆ
ಅವಳು ಮಾತಾಡುತ್ತಿದ್ದಳು: ಎಲ್ ಪಾರ್ಲೆ
ನಾವು ಮಾತಾಡುತ್ತಿದ್ದೆವು: ನೂ ಪಾರ್ಲಿಯೋಂ
ನೀವು ಮಾತಾಡುತ್ತಿದ್ದಿರಿ: ವೂ ಪಾರ್ಲಿಯೇ
ಅವರು ಮಾತಾಡುತ್ತಿದ್ದರು: ಇಲ್ ಪಾರ್ಲೆ

ಬರವಣಿಗೆಯಲ್ಲಿ ನಾನು, ನೀನು ಎಂಬುದಕ್ಕೆ ಎ-ಐ-ಎಸ್. ಅವನು, ಅವಳು ಎಂಬುದಕ್ಕೆ ಎ-ಐ-ಟಿ. ನಾವು ಎಂಬುದಕ್ಕೆ ಐ-ಒ-ಎನ್-ಎಸ್. ನೀವು ಎಂಬುದಕ್ಕೆ ಐ-ಇ-ಝಡ್. ಅವರು ಎಂಬುದಕ್ಕೆ ಎ-ಐ-ಇ-ಎನ್-ಟಿ. ಆದರೆ ಬಾಯಲ್ಲಿ ಹೇಳುವಾಗ ನಾನು, ನೀನು, ಅವನು, ಅವರು ಎಲ್ಲಕ್ಕೂ ಒಂದೇ ‘ಎ’ಕಾರ. ಕಿವಿಗೆ ಸುಲಭ, ಕೈಗೆ ಕಷ್ಟ. ಡಿಕ್ಟೇಷನ್‌ನಲ್ಲಿ ಮಕ್ಕಳು ಅಂಕ ಕಳೆದುಕೊಳ್ಳುವುದು ಇಲ್ಲೇ. ಇಲ್ಲಿ ಮಾತ್ರ ಕನ್ನಡದ ಸಹಾಯ ಸಿಗದು. ನಮ್ಮಲ್ಲಿ ಬರೆದಂತೆ ಓದು, ಓದಿದಂತೆ ಬರೆ. ಫ್ರೆಂಚರಿಗೆ ಆ ಭಾಗ್ಯವಿಲ್ಲ.

ಈ ಬಾಲಗಳಿಗೂ ಒಂದು ಇತಿಹಾಸವಿದೆ. ಹಿಂದೆ ಇವನ್ನು ‘ಎ-ಐ’ ಬದಲು ‘ಒ-ಐ’ ಎಂದು ಬರೆಯುತ್ತಿದ್ದರು. ಉಚ್ಚಾರ ಬದಲಾಗಿ ಬಹಳ ಕಾಲವಾಗಿದ್ದರೂ ಬರಹ ಹಳೆಯದೇ ಉಳಿದಿತ್ತು. ಅದನ್ನು ತಿದ್ದಬೇಕೆಂದು ವಾದಿಸಿದವರಲ್ಲಿ ವೋಲ್ತೇರ್ ಪ್ರಮುಖ. ಫ್ರೆಂಚ್ ಅಕಾಡೆಮಿಯ ನಿಘಂಟು ಹೊಸ ಬರಹವನ್ನು ಒಪ್ಪಿಕೊಂಡದ್ದು 1835ರ ಆವೃತ್ತಿಯಲ್ಲಿ. ವೋಲ್ತೇರ್ ತೀರಿಕೊಂಡು ಆಗಲೇ 57 ವರ್ಷವಾಗಿತ್ತು!

ನಿಯಮಕ್ಕೆ ಹೊರತಾದ ಕ್ರಿಯಾಪದ ಎಷ್ಟು ಗೊತ್ತೇ? ಒಂದೇ ಒಂದು. ಅದು ‘ಎತ್ರ್’, ನಮ್ಮ ‘ಇರು’. ಅದರ ‘ನೂ’ ರೂಪ ‘ಸೊಮ್’ ಆದ್ದರಿಂದ ಕಿತ್ತುಹಾಕಲು ‘ಓಂ’ ಇಲ್ಲವೇ ಇಲ್ಲ. ಹಾಗಾಗಿ ‘ಝೇತೆ’ (ನಾನಿದ್ದೆ), ‘ಇಲೇತೆ’ (ಅವನಿದ್ದ) ಎಂದು ಬೇರೆಯಾಗಿ ಕಲಿಯಬೇಕು. ಮಿಕ್ಕವು ಎಷ್ಟೇ ತಂಟೆಕೋರ ಕ್ರಿಯಾಪದಗಳಾಗಿದ್ದರೂ ಇಲ್ಲಿ ಸಾಧುಗಳು. ‘ಬ್ಯುವೋಂ’ (ಕುಡಿಯುತ್ತೇವೆ) ಎಂಬುದರಿಂದ ‘ಝ ಬ್ಯುವೆ’, ‘ಫಿನಿಸೋಂ’ (ಮುಗಿಸುತ್ತೇವೆ) ಎಂಬುದರಿಂದ ‘ಝ ಫಿನಿಸೆ’, ‘ಆವೋಂ’ (ನಮಗಿದೆ) ಎಂಬುದರಿಂದ ‘ಝಾವೆ’.

ಇದೇ ವೈಚಿತ್ರ್ಯ ಕನ್ನಡದಲ್ಲೂ ಇರುವುದನ್ನು ಗಮನಿಸಿದ್ದೀರಾ? ನಮ್ಮ ಸಾದಾ ಭೂತಕಾಲ ಮಕ್ಕಳಿಗೆ ಬಲು ತೊಡಕು. ಕೊಡು ‘ಕೊಟ್ಟೆ’ ಆಗುತ್ತದೆ, ನಿಲ್ಲು ‘ನಿಂತೆ’, ಬೀಳು ‘ಬಿದ್ದೆ’, ತಿನ್ನು ‘ತಿಂದೆ’, ಕಾಣು ‘ಕಂಡೆ’. ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ‘ಕೊಡಿದೆ’, ‘ನಿಲ್ಲಿದೆ’ ಎಂದು ನಮ್ಮನ್ನು ನಗಿಸುವುದು ಇದಕ್ಕೇ. ಆದರೆ ಅದೇ ಮಕ್ಕಳು ‘ಕೊಡುತ್ತಿದ್ದೆ, ನಿಲ್ಲುತ್ತಿದ್ದೆ, ಬೀಳುತ್ತಿದ್ದೆ’ ಎನ್ನುವಾಗ ಎಡವುವುದಿಲ್ಲ. ಏಕೆಂದರೆ ಅಲ್ಲಿ ಬುಡಕ್ಕೆ ‘ಉತ್ತ’ ಸೇರಿಸಿ ‘ಇದ್ದೆ’ ಎಂದರಾಯಿತು. ಇಡೀ ಭಾರವನ್ನು ‘ಇರು’ ಹೊತ್ತುಕೊಳ್ಳುತ್ತದೆ. ಫ್ರೆಂಚಿನಲ್ಲಿ ಹೊರಗುಳಿದ ಆ ಒಂದೇ ಕ್ರಿಯಾಪದ ನಮ್ಮಲ್ಲಿ ಎಲ್ಲ ಕ್ರಿಯಾಪದಗಳಿಗೂ ಹೆಗಲು ಕೊಡುತ್ತದೆ!

ಬಳಕೆಯ ಕೆಲವು ಸೊಗಸುಗಳು

ರೂಪ ಕಲಿಯುವುದು ಒಂದು ಸಂಜೆಯ ಕೆಲಸ. ಎಲ್ಲಿ ಬಳಸಬೇಕೆಂಬುದೇ ನಿಜವಾದ ಪಾಠ. ಇಲ್ಲಿಯೂ ಕನ್ನಡ ನಮ್ಮ ಕೈ ಹಿಡಿಯುತ್ತದೆ.

ಮೊದಲನೆಯದು ಹಿನ್ನೆಲೆ ಮತ್ತು ಘಟನೆ. ‘ಮಳೆ ಬರುತ್ತಿತ್ತು, ದೀಪ ಹೋಗಿತ್ತು, ನಾವು ಊಟ ಮಾಡುತ್ತಿದ್ದೆವು. ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು.’ ಮಳೆ ಮತ್ತು ಊಟ ಆಂಪಾರ್ಫೆ, ಬಾಗಿಲು ತಟ್ಟಿದ್ದು ಪಾಸೆ ಕೊಂಪೋಸೆ. ನಾಟಕದ ಪರದೆ ಒಂದು, ಪಾತ್ರದ ಪ್ರವೇಶ ಇನ್ನೊಂದು.

ಎರಡನೆಯದು ನನಗೆ ಅತ್ಯಂತ ಪ್ರಿಯವಾದದ್ದು. ‘ನನಗೆ ಗೊತ್ತಿತ್ತು’ ಮತ್ತು ‘ನನಗೆ ಗೊತ್ತಾಯಿತು’. ಇಂಗ್ಲಿಷಿನವರಿಗೆ ‘ಸಾವ್ವಾರ್’ (ತಿಳಿದಿರು) ಎಂಬ ಒಂದೇ ಕ್ರಿಯಾಪದ ‘ಝ ಸಾವೆ’ ಎಂದಾಗ ಒಂದು ಅರ್ಥವನ್ನೂ ‘ಝೇ ಸ್ಯು’ ಎಂದಾಗ ಇನ್ನೊಂದು ಅರ್ಥವನ್ನೂ ಕೊಡುವುದು ಆಶ್ಚರ್ಯ. ಕನ್ನಡದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಮೊದಲನೆಯದು ಗೊತ್ತಿತ್ತು, ಎರಡನೆಯದು ಗೊತ್ತಾಯಿತು. ಒಂದು ಸ್ಥಿತಿ, ಒಂದು ಕ್ಷಣ.

ಮೂರನೆಯದು ಸಂಕೋಚದ ಭೂತಕಾಲ. ಶೆಟ್ಟರ ಅಂಗಡಿಗೆ ಹೋಗಿ ನಾವು ‘ಅರ್ಧ ಕೆ.ಜಿ. ಬೆಲ್ಲ ಬೇಕಿತ್ತು’ ಎನ್ನುತ್ತೇವೆ. ಬೇಕಾಗಿರುವುದು ಈಗ, ಹೇಳುವುದು ಭೂತಕಾಲದಲ್ಲಿ! ‘ನಿಮ್ಮ ಹತ್ತಿರ ಸ್ವಲ್ಪ ಮಾತಾಡಬೇಕಿತ್ತು’ ಎಂದರೂ ಅಷ್ಟೇ. ‘ಬೇಕು’ ಎಂದರೆ ಒರಟು, ‘ಬೇಕಿತ್ತು’ ಎಂದರೆ ವಿನಯ. ಫ್ರೆಂಚರೂ ಇದೇ ಉಪಾಯ ಮಾಡುತ್ತಾರೆ. ‘ಝ ವೂಲೆ ವೂ ದಮಾಂದೇ’, ಅಂದರೆ ‘ನಿಮ್ಮನ್ನು ಒಂದು ಮಾತು ಕೇಳಬೇಕಿತ್ತು’.

ನಾಲ್ಕನೆಯದು ತಪ್ಪಿಹೋದ ಅಪಾಯ. ‘ಇನ್ನೊಂದು ನಿಮಿಷ ತಡವಾಗಿದ್ದರೆ ರೈಲು ತಪ್ಪುತ್ತಿತ್ತು.’ ರೈಲು ತಪ್ಪಲಿಲ್ಲ, ಆದರೂ ‘ತಪ್ಪುತ್ತಿತ್ತು’. ಫ್ರೆಂಚಿನಲ್ಲೂ ‘ಒಂದು ನಿಮಿಷ ಹೆಚ್ಚಾಗಿದ್ದರೆ’ ಎಂದು ಹೇಳಿ ಮುಂದೆ ಆಂಪಾರ್ಫೆಯನ್ನೇ ಹಾಕುತ್ತಾರೆ. ಹೀಗೆ ಆಗದೇ ಹೋದದ್ದನ್ನೂ ಅಪೂರ್ಣ ಭೂತಕಾಲದಲ್ಲಿ ಹೇಳುವ ಅಭ್ಯಾಸ ಎರಡೂ ಭಾಷೆಗಳಿಗೆ ಸಮಾನ.

ಐದನೆಯದು ‘-ಇಂದ’. ‘ಹತ್ತು ವರ್ಷದಿಂದ ಅಲ್ಲೇ ಕೆಲಸ ಮಾಡುತ್ತಿದ್ದೆ’ ಎಂಬ ವಾಕ್ಯದ ‘ಇಂದ’ಕ್ಕೆ ಫ್ರೆಂಚಿನ ‘ದಪ್ವಿ’ ಹೇಳಿ ಮಾಡಿಸಿದ ಜೋಡಿ. ಇಂಗ್ಲಿಷಿನವರು ‘ಹ್ಯಾಡ್ ಬೀನ್ ವರ್ಕಿಂಗ್’ ಎಂದು ಮೂರು ಮೆಟ್ಟಿಲು ಹತ್ತಬೇಕು. ನಾವು ಮತ್ತು ಫ್ರೆಂಚರು ಒಂದೇ ಮೆಟ್ಟಿಲಲ್ಲಿ ಮುಟ್ಟುತ್ತೇವೆ.

ಕನ್ನಡ ಎಲ್ಲಿ ಕೈಕೊಡುತ್ತದೆ?

ಅಭಿಮಾನಕ್ಕೆ ಬಿದ್ದು ಎಲ್ಲವೂ ಒಂದೇ ಎಂದುಬಿಟ್ಟರೆ ಮಕ್ಕಳ ಅಂಕಕ್ಕೆ ಕುತ್ತು. ಎರಡು ಕಡೆ ಎಚ್ಚರ ಬೇಕು.

ನಮ್ಮ ‘ಇದ್ದೆ’ ಎಲ್ಲಕ್ಕೂ ಒಗ್ಗುತ್ತದೆ. ‘ಆಗ ಮೈಸೂರಿನಲ್ಲಿದ್ದೆ’ ಎನ್ನುತ್ತೇವೆ, ‘ಮೂರು ವರ್ಷ ಮೈಸೂರಿನಲ್ಲಿದ್ದೆ’ ಎಂದೂ ಎನ್ನುತ್ತೇವೆ. ಫ್ರೆಂಚಿನಲ್ಲಿ ಮೊದಲನೆಯದು ಆಂಪಾರ್ಫೆ. ಎರಡನೆಯದರಲ್ಲಿ ‘ಮೂರು ವರ್ಷ’ ಎಂದು ಬೇಲಿ ಹಾಕಿದ್ದೇವೆ. ಆದಿಯೂ ಅಂತ್ಯವೂ ಕಾಣುತ್ತಿದೆ. ಆದ್ದರಿಂದ ಅದು ಪಾಸೆ ಕೊಂಪೋಸೆ ಆಗಬೇಕು. ಅವಧಿ ಎಷ್ಟು ದೀರ್ಘ ಎನ್ನುವುದು ಮುಖ್ಯವಲ್ಲ. ನೂರು ವರ್ಷ ಆಳಿದ ರಾಜನಿಗೂ ‘ನೂರು ವರ್ಷ’ ಎಂದ ಕೂಡಲೇ ಬೇಲಿ ಬಿತ್ತು.

ಎರಡನೆಯದು ‘ರೆ’ ತಂಟೆ. ‘ನನ್ನ ಹತ್ತಿರ ದುಡ್ಡಿದ್ದಿದ್ದರೆ ಕೊಡುತ್ತಿದ್ದೆ’ ಎಂಬಲ್ಲಿ ನಮ್ಮ ‘-ಉತ್ತಿದ್ದೆ’ ವಾಕ್ಯದ ಕೊನೆಯಲ್ಲಿದೆ. ಫ್ರೆಂಚಿನಲ್ಲಿ ಆಂಪಾರ್ಫೆ ಇರುವುದು ‘ಸಿ’ (ಒಂದು ವೇಳೆ) ಇರುವ ಭಾಗದಲ್ಲಿ: ‘ಸಿ ಝಾವೆ...’. ಕೊನೆಯ ಭಾಗಕ್ಕೆ ಬೇರೆ ರೂಪ: ‘ಝ ದೊನ್‌ರೆ’, ಕೊಡುತ್ತಿದ್ದೆ. ಆ ರೂಪವನ್ನು ಬಿಡಿಸಿ ನೋಡಿದರೆ ಭವಿಷ್ಯತ್ತಿನ ಬುಡಕ್ಕೆ ಅದೇ ಆಂಪಾರ್ಫೆಯ ಬಾಲ ಅಂಟಿಸಿರುವುದು ಕಾಣುತ್ತದೆ. ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳಿಕೊಡುವ ಸೂತ್ರ ಹೀಗಿದೆ: ಕನ್ನಡದ ‘ರೆ’ ಷರತ್ತಿನ ಕಡೆ (ಇದ್ದರೆ), ಫ್ರೆಂಚಿನ ‘ರೆ’ ಫಲದ ಕಡೆ (ದೊನ್‌ರೆ). ಎರಡು ‘ರೆ’ಗಳೂ ಒಂದೇ ಕಡೆ ಕೂರುವುದಿಲ್ಲ. ಇದೊಂದು ನೆನಪಿದ್ದರೆ ಫ್ರಾನ್ಸಿನ ಮಕ್ಕಳೂ ಬೈಸಿಕೊಳ್ಳುವ ತಪ್ಪಿನಿಂದ ನಮ್ಮ ಮಕ್ಕಳು ಪಾರಾಗುತ್ತಾರೆ.

ಮೆಲ್ಬರ್ನಿನ ಒಂದು ಹೋಂವರ್ಕ್

ಈಚೆಗೆ ಮೆಲ್ಬರ್ನಿನಲ್ಲಿರುವ ತಂಗಿಯ ಮಗನಿಗೆ ಫ್ರೆಂಚ್ ತರಗತಿಯಲ್ಲಿ ಒಂದು ಕೆಲಸ ಕೊಟ್ಟರು. ಮನೆಯ ಹಿರಿಯರೊಬ್ಬರ ಬಾಲ್ಯದ ಬಗ್ಗೆ ಎರಡು ಪುಟ ಬರೆದು ತರಗತಿಯಲ್ಲಿ ಮಾತಾಡಬೇಕು. ವಿಸಿಟರ್ ವೀಸಾದ ಮೇಲೆ ಬಂದಿದ್ದ ನಮ್ಮ ಅಮ್ಮ ಆಗ ಅಲ್ಲೇ ಇದ್ದರು. ಹುಡುಗ ಅಜ್ಜಿಯ ಮುಂದೆ ಪೆನ್ನು ಹಿಡಿದು ಕುಳಿತ.

“ಅಜ್ಜಿ, ನೀವು ಚಿಕ್ಕವರಿದ್ದಾಗ ಏನ್ ಮಾಡಿದ್ರಿ?”

“ನಾನೇನ್ ಮಾಡ್ದೆ ಮಗಾ... ಏಳನೇ ಕ್ಲಾಸು ಓದ್ದೆ. ಮದುವೆ ಆಯ್ತು. ಅಷ್ಟೇ.”

ಮುಗಿಯಿತು ಸಂದರ್ಶನ! ಹುಡುಗ ಸಿಡ್ನಿಗೆ ಫೋನ್ ಮಾಡಿದ. “ದೊಡ್ಡಮ್ಮ, ಅಜ್ಜಿ ಏನೂ ಹೇಳಲ್ಲ ಅಂತಾರೆ.”

“ಏನ್ ಮಾಡಿದ್ರಿ ಅಂತ ಕೇಳಬೇಡ ಪುಟ್ಟ. ಏನ್ ಮಾಡ್ತಿದ್ರಿ ಅಂತ ಕೇಳು” ಎಂದೆ.

ಆಮೇಲೆ ಬಂದ ಉತ್ತರ ನಲವತ್ತು ನಿಮಿಷದ್ದು. ತಿಪಟೂರಿನ ಹತ್ತಿರದ ಹಳ್ಳಿಯ ಮನೆಯ ಅಟ್ಟದ ಮೇಲೆ ತೆಂಗಿನಕಾಯಿಗಳನ್ನು ಸುಲಿಯದೆ ಹಾಕಿರುತ್ತಿದ್ದರು. ವರ್ಷ ತುಂಬುವಷ್ಟರಲ್ಲಿ ಒಳಗಿನ ನೀರು ಇಂಗಿ ತಿರುಳು ಚಿಪ್ಪು ಬಿಟ್ಟು ಕೊಬ್ಬರಿಯಾಗುತ್ತಿತ್ತು. ಮಕ್ಕಳು ಅಟ್ಟ ಹತ್ತಿ ಒಂದೊಂದೇ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಗಡಗಡ ಎಂದರೆ ಕೆಳಗೆ ಎಸೆಯುತ್ತಿದ್ದರು, ಇಲ್ಲದಿದ್ದರೆ ಅಲ್ಲೇ ಬಿಡುತ್ತಿದ್ದರು. ಸಂತೆಯ ದಿನ ತಾತ ಗಾಡಿ ಕಟ್ಟುತ್ತಿದ್ದರು. ಅಮ್ಮ ಶಾಲೆಗೆ ಎರಡು ಮೈಲಿ ನಡೆಯುತ್ತಿದ್ದರು, ದಾರಿಯಲ್ಲಿ ಮಗ್ಗಿ ಹೇಳಿಕೊಳ್ಳುತ್ತಿದ್ದರು, ಲೆಕ್ಕದಲ್ಲಿ ಯಾವಾಗಲೂ ಮೊದಲಿರುತ್ತಿದ್ದರು. ಎಲ್ಲವೂ ‘-ಉತ್ತಿದ್ದರು’. ಹುಡುಗನಿಗೆ ಆಂಪಾರ್ಫೆಯ ಹಬ್ಬದೂಟ!

ಆಮೇಲೆ ಅಜ್ಜಿ ಹೇಳಿದರಂತೆ: “ಒಂದಿನ ಅಪ್ಪ ‘ನಾಳೆಯಿಂದ ಸ್ಕೂಲು ಬೇಡ’ ಅಂದ್ರು.”

ಹುಡುಗ ಮತ್ತೆ ಫೋನ್ ಮಾಡಿದ. ‘ಅಂದರು’ ಎನ್ನುವುದು ಪಾಸೆ ಕೊಂಪೋಸೆ ತಾನೇ ಎಂದು ಖಚಿತಪಡಿಸಿಕೊಂಡ. ಹೌದು, ‘ಒಂದು ದಿನ’ ಎಂದ ಮೇಲೆ ಅದೇ ಸರಿ. ಮುಂದಿನ ವಾಕ್ಯ ಅವನಿಗೆ ಕಷ್ಟವಾಯಿತು. “ಅಜ್ಜಿಗೆ ಇನ್ನೂ ಓದಬೇಕು ಅಂತ ಆಸೆ ಇತ್ತಂತೆ. ಟೀಚರ್ ಆಗಬೇಕು ಅಂತ. ಇದಕ್ಕೆ ಯಾವುದು ಹಾಕಲಿ?”

‘ಎಲ್ ಆ ವೂಲ್ಯು’ ಎಂದು ಪಾಸೆ ಕೊಂಪೋಸೆಯಲ್ಲಿ ಹೇಳಿದರೆ, ಒಂದು ಗಳಿಗೆ ಬೇಕೆನಿಸಿತು, ಪ್ರಯತ್ನಪಟ್ಟಳು, ಅಲ್ಲಿಗೆ ಮುಗಿಯಿತು ಎಂಬ ಅರ್ಥ ಬರುತ್ತದೆ. ‘ಎಲ್ ವೂಲೆ’ ಎಂದರೆ ಆಸೆ ಇತ್ತು. ಯಾವಾಗ ಶುರುವಾಯಿತು, ಯಾವಾಗ ಮುಗಿಯಿತು, ಮುಗಿಯಿತೋ ಇಲ್ಲವೋ, ಆ ವಾಕ್ಯ ಹೇಳುವುದಿಲ್ಲ. ಇದನ್ನು ವಿವರಿಸಿದೆ. ಹುಡುಗ ಒಂದು ಕ್ಷಣ ಸುಮ್ಮನಿದ್ದು, ಫೋನನ್ನು ಸ್ವಲ್ಪ ದೂರ ಹಿಡಿದು ಕೇಳಿದ.

“ಅಜ್ಜಿ, ಆಸೆ ಇನ್ನೂ ಇದೆಯಾ?”

“ಆಸೆ ಎಲ್ಲೋಗತ್ತಪ್ಪಾ” ಎಂದ ಅಮ್ಮನ ದನಿ ನನಗೂ ಕೇಳಿಸಿತು.

‘ಎಲ್ ವೂಲೆ’ ಎಂದೇ ಬರೆದ.

ನಾನೂ ನನ್ನ ತಂಗಿಯೂ ಅಮ್ಮನ ಜೊತೆ ಅಷ್ಟು ವರ್ಷ ಬಾಳಿದವರು. ಅಮ್ಮ ಏಳನೇ ತರಗತಿಗೆ ಶಾಲೆ ಬಿಟ್ಟದ್ದು ನಮಗೆ ಗೊತ್ತಿತ್ತು. ಟೀಚರ್ ಆಗಬೇಕೆಂಬ ಆಸೆಯಿದ್ದದ್ದು ಅಂದು ಗೊತ್ತಾಯಿತು.

ಇದು ಕೇವಲ ವ್ಯಾಕರಣವೇ?

ಘಟನೆಗಳು ಹೇಗೋ ಉಳಿಯುತ್ತವೆ. ಹುಟ್ಟಿದ ದಿನ, ಮದುವೆಯ ದಿನ, ವಿಮಾನ ಹತ್ತಿದ ದಿನ ಪಾಸ್‌ಪೋರ್ಟಿನಲ್ಲೋ ಫೋಟೋ ಆಲ್ಬಮ್ಮಿನಲ್ಲೋ ಇರುತ್ತವೆ. ಆದರೆ ದಿನದಿನವೂ ಹೇಗೆ ಬದುಕುತ್ತಿದ್ದರು ಎನ್ನುವುದಕ್ಕೆ ದಾಖಲೆಯಿಲ್ಲ. ಅದು ಹಿರಿಯರ ನಾಲಗೆಯ ಮೇಲೆ ‘ಮಾಡ್ತಿದ್ವಿ, ಹೋಗ್ತಿದ್ವಿ’ ಎಂಬ ರೂಪದಲ್ಲಿ ಮಾತ್ರ ಇದೆ. ಧಾರವಾಡದ ಕಡೆಯವರಾದರೆ ‘ಮಾಡತಿದ್ವಿ’. ವೀಸಾದ ಆರು ತಿಂಗಳು ಬೇಗ ಉರುಳುತ್ತವೆ. ಕೇಳಲು ಮೊಮ್ಮಕ್ಕಳಿಗೆ ಭಾಷೆ ಇರಬೇಕು, ಸರಿಯಾದ ಪ್ರಶ್ನೆಯೂ ಗೊತ್ತಿರಬೇಕು.

ದೊಡ್ಡ ಲೇಖಕರಿಗೂ ಈ ಕಾಲದ ಮೇಲೆ ಮೋಹವಿತ್ತು. ‘ಮದಾಮ್ ಬೊವಾರಿ’ಯ ಕರ್ತೃ ಫ್ಲೋಬೇರ್ ಆಂಪಾರ್ಫೆಯನ್ನು ಬಳಸುವ ರೀತಿಯ ಬಗ್ಗೆ ಮಾರ್ಸೆಲ್ ಪ್ರೂಸ್ತ್ 1920ರಲ್ಲಿ ಒಂದು ಪ್ರಬಂಧದಲ್ಲೇ ಚರ್ಚಿಸಿದ್ದಾನೆ. ಕಳೆದುಹೋದ ಕಾಲವನ್ನು ಹುಡುಕುತ್ತಾ ಏಳು ಭಾಗಗಳ ಕಾದಂಬರಿ ಬರೆದವನಿಗೆ ಇದರಲ್ಲಿ ಆಸಕ್ತಿ ಇದ್ದದ್ದು ಸಹಜವೇ.

ಮನೆಯಲ್ಲೇ ಮಾಡಬಹುದಾದ ಅಭ್ಯಾಸ

ಸಿಡ್ನಿಯವರಿಗೆ ಒಂದು ಸಲಹೆ. ಒಂದು ಭಾನುವಾರ ಬುತ್ತಿ ಕಟ್ಟಿಕೊಂಡು ಬಾಟನಿ ಬೇ ದಂಡೆಯ ಲಾ ಪೆರೂಸ್‌ಗೆ ಹೋಗಿ ಬನ್ನಿ. ಫ್ರೆಂಚ್ ನಾವಿಕ ಲಾ ಪೆರೂಸ್ ತನ್ನ ‘ಬುಸ್ಸೋಲ್’ ಮತ್ತು ‘ಆಸ್ತ್ರೋಲಾಬ್’ ಹಡಗುಗಳೊಂದಿಗೆ 1788ರ ಜನವರಿ 26ರಂದು ಈ ಕೊಲ್ಲಿಗೆ ಬಂದ; ಮಾರ್ಚ್ 10ರಂದು ಹೊರಟುಹೋದ. ಆಮೇಲೆ ಯಾವ ಐರೋಪ್ಯನೂ ಆ ಹಡಗುಗಳನ್ನು ಕಾಣಲಿಲ್ಲ. ಅವು ವಾನಿಕೊರೊ ದ್ವೀಪದ ಬಳಿ ಒಡೆದುಹೋಗಿದ್ದವೆಂದು ತಿಳಿದದ್ದು 1820ರ ದಶಕದಲ್ಲಿ. ಇವೆಲ್ಲ ಮುಗಿದ ಘಟನೆಗಳು, ಪಾಸೆ ಕೊಂಪೋಸೆ. ಆ ಆರು ವಾರ ಅವರು ಇಲ್ಲಿ ಏನು ಮಾಡುತ್ತಿದ್ದರು? ದೋಣಿ ಕಟ್ಟುತ್ತಿದ್ದರು, ತೋಟ ಮಾಡುತ್ತಿದ್ದರು, ನಕ್ಷತ್ರ ನೋಡುತ್ತಿದ್ದರು, ಊರಿಗೆ ಕಾಗದ ಬರೆಯುತ್ತಿದ್ದರು. ಅದು ಆಂಪಾರ್ಫೆ. ಸ್ಮಾರಕದ ನೆರಳಿನಲ್ಲಿ ಚಿತ್ರಾನ್ನ ತಿನ್ನುತ್ತಾ ಮಕ್ಕಳಿಂದ ಎರಡು ಪಟ್ಟಿ ಮಾಡಿಸಿ. ಮೆಲ್ಬರ್ನಿನವರಿಗೆ ವೆಸ್ಟರ್ನ್ ಪೋರ್ಟ್‌ನ ಫ್ರೆಂಚ್ ಐಲ್ಯಾಂಡ್ ಇದೆ. ಅದಕ್ಕೆ ಆ ಹೆಸರು ಬಂದದ್ದು 1802ರಲ್ಲಿ ಬಂದಿದ್ದ ಬೋದಾನನ ಫ್ರೆಂಚ್ ತಂಡದಿಂದ.

ಅಷ್ಟು ದೂರ ಹೋಗಲಾಗದಿದ್ದರೆ ಪುಣ್ಯಕೋಟಿಯ ಕಥೆ ಸಾಕು. ಕಾಳಿಂಗನೆಂಬ ಗೊಲ್ಲನಿದ್ದ, ದನಗಳು ಅಡವಿಯಲ್ಲಿ ಮೇಯುತ್ತಿದ್ದವು, ಸಂಜೆ ಅವನು ಹೆಸರು ಹಿಡಿದು ಕರೆಯುತ್ತಿದ್ದ, ಅವು ದೊಡ್ಡಿಗೆ ಬರುತ್ತಿದ್ದವು. ಇಲ್ಲಿಯವರೆಗೆ ಎಲ್ಲವೂ ಆಂಪಾರ್ಫೆ. ‘ಒಂದು ದಿನ’ ಅರ್ಬುತನೆಂಬ ಹುಲಿ ಅಡ್ಡಗಟ್ಟಿತು. ಪುಣ್ಯಕೋಟಿ ಮಾತು ಕೊಟ್ಟಳು, ಕರುವಿಗೆ ಹಾಲೂಡಿಸಿದಳು, ಮರಳಿ ಬಂದಳು. ಹುಲಿ ಪ್ರಾಣ ಬಿಟ್ಟಿತು. ಇಲ್ಲಿಂದ ಎಲ್ಲವೂ ಪಾಸೆ ಕೊಂಪೋಸೆ. ಫ್ರೆಂಚರ ಕಥೆಗಳೂ ‘ಇಲೇತೆತ್ಯೂನ್ ಫ್ವಾ’, ಅಂದರೆ ‘ಒಂದಾನೊಂದು ಕಾಲದಲ್ಲಿ ಇದ್ದ’ ಎಂದು ಆಂಪಾರ್ಫೆಯಲ್ಲೇ ಶುರುವಾಗುತ್ತವೆ. ‘ಅಂ ಝೂರ್’, ಅಂದರೆ ‘ಒಂದು ದಿನ’ ಬಂದಾಗ ದಾರಿ ಬದಲಿಸುತ್ತವೆ. ಈ ಕಥೆಯನ್ನು ಮೊದಲು ಕನ್ನಡದಲ್ಲಿ ಹೇಳಿಸಿ, ಆಮೇಲೆ ಫ್ರೆಂಚಿಗೆ ಇಳಿಸಲು ಹೇಳಿ. ಎರಡು ಭಾಷೆಗೂ ಒಂದೇ ಏಟಿಗೆ ಅಭ್ಯಾಸ.

ಆಲಿಯಾನ್ಸ್ ಫ್ರಾನ್ಸೇಸ್ ಮೆಲ್ಬರ್ನಿನಲ್ಲಿ 1890ರಿಂದ, ಸಿಡ್ನಿಯಲ್ಲಿ 1899ರಿಂದ ಇದೆ. ಫ್ರೆಂಚ್ ಕಲಿಯಲು ಈ ದೇಶದಲ್ಲಿ ಅನುಕೂಲಗಳಿಗೆ ಕೊರತೆಯಿಲ್ಲ. ಖಂಡಿತ ಕಲಿಸಿ. ಆದರೆ ಅದಕ್ಕಾಗಿ ಕನ್ನಡ ತರಗತಿ ಬಿಡಿಸಬೇಕೆಂಬ ಯೋಚನೆ ಬಂದರೆ, ಬಿಡಿಸುವ ಮುಂಚೆ ಒಂದು ಪರೀಕ್ಷೆ ಮಾಡಿ. ಈ ಹಬ್ಬದ ದಿನ ಊಟದ ನಂತರ ಮಗುವನ್ನು ಮನೆಯ ಹಿರಿಯರ ಪಕ್ಕ ಕೂರಿಸಿ, ಅವರು ಊರಿನಲ್ಲಿದ್ದರೆ ಫೋನಿನಲ್ಲಿ ಕೂರಿಸಿ, “ನೀವು ಚಿಕ್ಕವರಿದ್ದಾಗ ಹಬ್ಬಕ್ಕೆ ಏನೇನ್ ಮಾಡ್ತಿದ್ರಿ?” ಎಂದು ಕೇಳಿಸಿ. ಉತ್ತರ ಮುಗಿಯುವ ತನಕ ಎದ್ದುಹೋಗದಂತೆ ನೋಡಿಕೊಳ್ಳಿ. ಫ್ರೆಂಚ್ ಟೀಚರ್ ಕೊಡುವ ಅಂಕ ಸೋಮವಾರ ಬಂದೇ ಬರುತ್ತದೆ.